ಎತ್ತೈತ್ರಿ ಸಾರ್!

ಸಂಡೂರಿನಿಂದ ಹೊಸಪೇಟೆಗೆ ಬರುವ ಹಳಿಯ ಗೇಟು ಕಾಯುವ ದುರ್ಗಕ್ಕನ ಗೂಡಿನಲ್ಲಿ ಒಂದು ಕಪ್ಪು ಫೋನಿದೆ. ಒತ್ತಲು ನಂಬರಿಲ್ಲ, ತಿರುಗಿಸಲು ಚಕ್ರವಿಲ್ಲ. ರಿಸೀವರ್ ಎತ್ತಿದರೆ ಸಾಕು, ಅತ್ತ ಸ್ಟೇಷನ್ನಿನಲ್ಲಿ ಗಂಟೆ ಬಾರಿಸುತ್ತದೆ. ಕಂಪ್ಲಿಯ ಮಗಳ ಜೊತೆ ಮಾತಾಡೋಣವೆಂದರೆ ಆಗದು. ಆ ಮೊಂಡು ಫೋನಿಗೆ ಗೊತ್ತಿರುವುದು ಸ್ಟೇಷನ್ ಮಾಸ್ತರರೊಬ್ಬರೇ. ರೈಲು ದಾಟಿ ಗೇಟು ಮೇಲೆತ್ತಿದ ಮೇಲೆ ದುರ್ಗಕ್ಕ ಹೇಳುವುದೂ ಒಂದೇ ಮಾತು: "ಎತ್ತೈತ್ರಿ ಸಾರ್." ಮಾಸ್ತರರು "ಆತು" ಎಂದು ಇಟ್ಟುಬಿಡುತ್ತಾರೆ.

ಆವತ್ತು ಅದಿರಿನ ಗಾಡಿ ಬರುತ್ತದೆಂದು ಗೇಟು ಹಾಕಿ ನಿಂತಿದ್ದಳು. ಆಚೆ ಬದಿಯಲ್ಲಿ ಮುದುಕ ಜಡೆಪ್ಪ ತನ್ನ ಎತ್ತು ಹಿಡಿದುಕೊಂಡು ಕಾಯುತ್ತಿದ್ದ. ಯಾವನೋ ಲಾರಿಯವನು ಹಾರನ್ ಬಾರಿಸಿದ್ದೇ ತಡ, ಎತ್ತು ಹಗ್ಗ ಕಿತ್ತುಕೊಂಡು ಗೇಟಿನಡಿ ನುಗ್ಗಿತು. ಅಯ್ಯೋ ದೇವರೇ, ಹಳಿಯ ಸಂದಿಯಲ್ಲಿ ಗೊರಸು ಸಿಕ್ಕಿಬಿತ್ತು! ಜಡೆಪ್ಪ ಓಡಿಹೋಗಿ ಅದರ ಕೊರಳು ತಬ್ಬಿದ.

"ಬಾರೋ ಮುದುಕಾ, ಗಾಡಿ ಬರಾಕತ್ತೈತಿ!"

"ಇದನ್ನ ಬಿಟ್ಟು ಬರಂಗಿಲ್ಲವ್ವಾ!"

ಅದಿರು ಹೇರಿದ ಗಾಡಿ ತಿರುವಿನಲ್ಲಿ ಬಾವುಟ ಕಂಡ ಮೇಲೆ ನಿಲ್ಲುವಂಥದ್ದಲ್ಲ. ದುರ್ಗಕ್ಕ ಗೂಡಿಗೆ ಓಡಿಬಂದು ರಿಸೀವರ್ ಎತ್ತಿದಳು.

"ಎತ್ತೈತ್ರಿ ಸಾರ್! ಎತ್ತೈತಿ!"

"ಆತು," ಎಂದು ಮಾಸ್ತರರು ದಿನದ ಅಭ್ಯಾಸದಂತೆ ಇಟ್ಟೇಬಿಟ್ಟರು.

"ಹಲೋ! ಹಲೋ!" ಸತ್ತ ಫೋನಿಗೆ ಕೂಗಿದರೇನು ಬಂತು? ಹಾಳಾದ್ದು, ಇಟ್ಟು ಎತ್ತಿದರೆ ಮಾತ್ರ ಬಾರಿಸುವ ಫೋನು. ಇಡಲು ಅವಳಿಗೆ ಕೈಯೇ ಬರಲಿಲ್ಲ; ಇಟ್ಟರೆ ಜಡೆಪ್ಪನನ್ನೇ ಕೈಬಿಟ್ಟಂತೆ ಅನ್ನಿಸಿತು. ಹಲ್ಲು ಕಚ್ಚಿ ಇಟ್ಟಳು, ಮತ್ತೆ ಎತ್ತಿದಳು. ಗಂಟೆ ಬಾರಿಸುತ್ತಲೇ ಇತ್ತು, ದೂರದಲ್ಲಿ ರೈಲು ಕೂಗಿತು.

"ಏನಕ್ಕ, ಆಗ್ಲೇ ಹೇಳಿದೆಲ್ಲ?"

"ಗೇಟಲ್ರೀ! ದನ! ಹಳಿ ಮ್ಯಾಲ ದನ ಐತ್ರಿ, ಮನಶ್ಯಾನೂ ಅದಾನ! ಗಾಡಿ ನಿಲ್ಸ್ರಿ!"

ಅತ್ತ ಕುರ್ಚಿ ಬಿದ್ದ ಸದ್ದಾಯಿತು. ಮಾಸ್ತರರು ವೈರ್‌ಲೆಸ್ಸಿನಲ್ಲಿ ಡ್ರೈವರನಿಗೆ ಅರಚುವುದು ಕೇಳಿಸಿತು. ರಿಸೀವರ್ ಬಿಸಾಕಿ, ಕೆಂಪು ಬಾವುಟ ಹಿಡಿದು ದುರ್ಗಕ್ಕ ಓಡಿದಳು. ಚಕ್ರಗಳು ಕಿರ್ರೆಂದು ಕಿರುಚಿದವು. ಎತ್ತಿನ ಕೊಂಬಿಗೆ ಎರಡು ಮಾರು ದೂರದಲ್ಲಿ ಎಂಜಿನ್ ನಿಂತಿತು. ಜಡೆಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ.

ಗೂಡಿಗೆ ಬಂದರೆ ರಿಸೀವರ್ ಇನ್ನೂ ತೂಗಾಡುತ್ತಿತ್ತು. ಒಳಗಿಂದ ಮಾಸ್ತರರು ಹಲೋ ಹಲೋ ಎನ್ನುತ್ತಿದ್ದರು.

"ನಿಂತೈತ್ರಿ ಸಾರ್."

"ಏನು ನಿಂತೈತಿ? ಬಿಡಿಸಿ ಹೇಳವ್ವಾ, ಕೈ ಮುಗೀತೀನಿ!"

"ಗಾಡಿ ನಿಂತೈತ್ರಿ. ಜಡೆಪ್ಪ ಅದಾನ." ದುರ್ಗಕ್ಕನಿಗೆ ಅಳು ಒತ್ತರಿಸಿ ಬಂತು. "ಎತ್ತೂ... ಐತ್ರಿ."