ಗೊಲ್ಲಾಳಮ್ಮನಿಗೆ ಆಗಿಬರದ ವಜ್ರ

ಶಹಾಪುರದ ಬಸ್ ನಿಲ್ದಾಣದಲ್ಲಿ ಇಳಿದು ‘ಗಿರಣಿ ಗೊಲ್ಲಾಳಮ್ಮ’ ಎಂದರೆ ಸಾಕು, ಆಟೋದವರು ವಿಳಾಸ ಕೇಳದೆ ಮನೆ ಬಾಗಿಲಿಗೆ ತಂದು ಇಳಿಸುತ್ತಾರೆ. ಹಿಟ್ಟಿನ ಗಿರಣಿಯ ಬೋರ್ಡಿನ ಮೇಲಿರುವುದೇನೋ ಗಂಡನ ಹೆಸರು. ಅವರ ಕೆಲಸ ಆ ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುವುದು. ಬೆಲ್ಟು ಏರಿಸುವುದು, ಜೋಳ ಸುರಿಯುವುದು, ಬೀಸುವ ಕಲ್ಲು ಸವೆದರೆ ಉಳಿ ಹಿಡಿದು ಅದಕ್ಕೆ ಹಲ್ಲು ಹೊಡೆಯುವುದು, ಎಲ್ಲ ಗೊಲ್ಲಾಳಮ್ಮನದೇ. ಹೊಸ ಕಲ್ಲು ಕೊಳ್ಳುವಾಗ ಮಾರುವವನ ಬಣ್ಣದ ಮಾತಿಗೆ ಮರುಳಾಗುವವಳಲ್ಲ. ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಟ್ಟು ಕಿವಿಗೊಡುತ್ತಾಳೆ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ದನಿ ಬೊದ್ದಾಗುತ್ತದೆ. ಮನುಷ್ಯರನ್ನೂ ಆಕೆ ಹೀಗೇ ಮಾತಿನ ಏಟು ಕೊಟ್ಟು ಪರೀಕ್ಷಿಸುತ್ತಾಳೆ ಎಂದು ಓಣಿಯವರು ನಗುತ್ತಿದ್ದರು.

ನಗಲಿ, ನಂಬಿಕೆಯೂ ಅಷ್ಟೇ ಇತ್ತು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ. ಮದುವೆ ಮನೆಯಲ್ಲಿ ಅರಿಷಿಣ ಕುಟ್ಟಲು ಮೊದಲ ಒನಕೆ ಹಿಡಿಯುವವಳು ಅವಳೇ, ಉಡಿ ತುಂಬಲು ಮೊದಲು ಕರೆಯುವುದೂ ಅವಳನ್ನೇ. ‘ಗೊಲ್ಲಾಳಮ್ಮ ಅಂದ್ಲು ಅಂದ್ರ ಮುಗೀತು’ ಎಂಬ ಮಾತು ಓಣಿಯಲ್ಲಿ ಗಾದೆಯಂತೆ ಓಡಾಡುತ್ತಿತ್ತು. ಅವಳಿಗೂ ಅದು ಕಿವಿಗೆ ಇಂಪಾಗಿಯೇ ಇತ್ತು, ಯಾಕೆ ಸುಳ್ಳು ಹೇಳಬೇಕು.

ಅವಳ ತಮ್ಮನ ಮನೆ ಸಗರದಲ್ಲಿ. ತಮ್ಮ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವನ ಹೆಂಡತಿ ನಾಗರತ್ನಾಳದು. ಮಗ ಬಸವಕುಮಾರ ನಾರಾಯಣಪುರದ ನೀರಾವರಿ ಕಚೇರಿಯಲ್ಲಿ ನೌಕರ. ಸುರಪುರದ ರಾಧಿಕಾಳೊಂದಿಗೆ ಅವನ ಸಂಬಂಧ ಕೂಡಿಬಂತು. ನಿಶ್ಚಯಕ್ಕೆ ವಜ್ರದ ಉಂಗುರವೇ ಆಗಬೇಕೆಂದು ಹುಡುಗ ಹಟ ಹಿಡಿದ. ಎಲ್ಲರೂ ಯಾದಗಿರಿಗೆ, ಸೂಗಪ್ಪ ಸಾವಕಾರರ ಅಂಗಡಿಗೆ ಹೋದರು. ರಾಧಿಕಾ ಗುಂಡನೆಯ ಹರಳುಗಳನ್ನೆಲ್ಲ ಬದಿಗೆ ಸರಿಸಿ, ನಾಲ್ಕು ಮೂಲೆ ಚೂಪಾಗಿದ್ದ ಚೌಕದ ಹರಳೊಂದರ ಮೇಲೆ ಬೆರಳಿಟ್ಟಳು.

“ಇದಕ್ಕ ಪ್ರಿನ್ಸೆಸ್ ಕಟ್ ಅಂತಾರ್ರಿ,” ಎಂದರು ಸೂಗಪ್ಪ.

“ಸಣ್ಣ ಬರ್ಫಿ ತುಂಡು ಇದ್ದಂಗ ಅದ ನೋಡು,” ಎಂದಳು ಗೊಲ್ಲಾಳಮ್ಮ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ರಾಧಿಕಾ.

ಆದರೆ ವಜ್ರ ಎಲ್ಲರಿಗೂ ಆಗಿಬರುವುದಿಲ್ಲ. ಕೆಲವರ ಮನೆ ಬೆಳಗುತ್ತದೆ, ಕೆಲವರ ಮನೆ ಮುರಿಯುತ್ತದೆ ಎಂದು ಹಿರಿಯರ ನಂಬಿಕೆ. ಅದಕ್ಕಾಗಿ ಉಂಗುರಕ್ಕೆ ಕೂರಿಸುವ ಮೊದಲು ಬರೀ ಹರಳನ್ನು ಮನೆಗೆ ತಂದು, ಹಾಕಿಕೊಳ್ಳುವವಳ ಹೆಸರು ಹೇಳಿ ಹಿರಿಯರೊಬ್ಬರು ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಳ್ಳಬೇಕು. ಕೆಟ್ಟ ಕನಸು ಬಿದ್ದರೆ ಅಂಗಡಿಯವರು ಮರುಮಾತಿಲ್ಲದೆ ವಾಪಸು ತೆಗೆದುಕೊಳ್ಳುತ್ತಾರೆ. ಯಾರು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ನಾಗರತ್ನಾ ಹರಳಿನ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಗೊಲ್ಲಾಳಮ್ಮನ ಕೈಗಿಟ್ಟಳು.

ಎರಡು ರಾತ್ರಿ ಕನಸೂ ಇಲ್ಲ, ಗಿನಸೂ ಇಲ್ಲ, ಗಡದ್ದು ನಿದ್ದೆ. ಮೂರನೆಯ ದಿನ ಮಧ್ಯಾಹ್ನ ಜೋಳ ಬೀಸಿಸಲು ಬಂದ ಹೆಂಗಸೊಬ್ಬಳು, ತನ್ನ ನಾದಿನಿಗೆ ಯಾರೋ ವಜ್ರವೆಂದು ಗಾಜು ಕೊಟ್ಟು ಟೋಪಿ ಹಾಕಿದ ಕತೆ ಹೇಳಿ ಹೋದಳು. ಗೊಲ್ಲಾಳಮ್ಮನ ತಲೆಯೊಳಗೆ ಹುಳ ಹೊಕ್ಕಿತು. ಕರೆಂಟು ಹೋಗಿತ್ತು, ಗಿರಣಿಯಲ್ಲಿ ಯಾರೂ ಇರಲಿಲ್ಲ. ವಜ್ರಕ್ಕಿಂತ ಗಟ್ಟಿ ಕಲ್ಲಿಲ್ಲವೆಂದು ಅವಳು ಶಾಲೆಯಲ್ಲೇ ಓದಿದ್ದಳು. ಹರಳನ್ನು ಬೀಸುವ ಕಲ್ಲಿನ ಮೇಲಿಟ್ಟಳು. ಸುತ್ತಿಗೆಯಿಂದ ಮೆಲ್ಲಗೆ, ಮಗುವಿನ ಕೆನ್ನೆ ತಟ್ಟುವಷ್ಟೇ ಮೆಲ್ಲಗೆ ತಟ್ಟಿದಳು.

ಠಣ್ ಎನ್ನಲಿಲ್ಲ, ಬೊದ್ದು ದನಿಯೂ ಬರಲಿಲ್ಲ. ಚಿಟ್ ಎಂದಿತು. ಎತ್ತಿ ನೋಡಿದರೆ ಒಂದು ಮೂಲೆಯ ತುದಿ ಇಲ್ಲ. ಗೀರು ಬೀಳದ ವಜ್ರಕ್ಕೂ ಆ ಚೂಪು ಮೂಲೆಯೇ ಮರ್ಮಸ್ಥಾನವೆಂದು ಅವಳ ಶಾಲೆಯ ಪುಸ್ತಕ ಹೇಳಿರಲಿಲ್ಲ. ಹಾರಿದ ಚೂರು ಹಿಟ್ಟಿನ ಧೂಳಿನಲ್ಲಿ ಎಲ್ಲಿ ಹೋಯಿತೋ, ಮೊಣಕಾಲೂರಿ ಹುಡುಕಿದರೂ ಸಿಗಲಿಲ್ಲ. ಬರಿಗಣ್ಣಿಗೆ ಕಾಣುವಂಥ ಮುಕ್ಕೂ ಅಲ್ಲ ಅದು. ಆದರೆ ಕಂಡವಳಿಗೆ ಕಂಡಿತ್ತು.

ಮರುದಿನ ನಾಗರತ್ನಾ ಬಂದು ಕೇಳಿದಾಗ, ಹೇಳಬೇಕೆಂದಿದ್ದ ಮಾತು ಗಂಟಲವರೆಗೆ ಬಂದು ಬೇರೆಯೇ ಆಗಿ ಹೊರಬಿತ್ತು.

“ಆಗಿಬರ್ಲಿಲ್ಲ ನಾಗರತ್ನಾ. ವಾಪಸ್ ಕೊಡೂಣು.”

“ಎಂಥಾ ಕನಸು ಬಿತ್ತರಿ ಅಕ್ಕಾರ?”

“ಖಾಲಿ ಕೊಡ ಎದುರಿಗೆ ಬಂತು,” ಎಂದಳು. ಬಾಯಿಗೆ ಬಂದದ್ದು ಅದು.

ನಾಗರತ್ನಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಯಾದಗಿರಿಯಲ್ಲಿ ಸೂಗಪ್ಪ ಪೊಟ್ಟಣ ಬಿಚ್ಚಿಯೂ ನೋಡಲಿಲ್ಲ. ಗೊಲ್ಲಾಳಮ್ಮನ ಕೈಯಿಂದ ಬಂದದ್ದನ್ನು ಅವಳೆದುರೇ ಪರೀಕ್ಷಿಸುವುದು ಅವರಿಗೆ ಮರ್ಯಾದೆಯೆನಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈ ಮಹಾತಾಯಿ ಒಂದರ ಬೆನ್ನಿಗೊಂದು ಎರಡನ್ನೂ ಮುಗಿಸಿದ್ದಳು.

ಬೇರೆ ಹರಳು ಬರುತ್ತದೆ, ಕತೆ ಅಲ್ಲಿಗೆ ಮುಗಿಯುತ್ತದೆ ಎಂದು ಅವಳ ಲೆಕ್ಕ. ಆದರೆ ನಾಗರತ್ನಾಳ ಲೆಕ್ಕ ಬೇರೆ ಇತ್ತು.

“ಯಾರ ಹೆಸರಿಲೆ ಇಟ್ಟಿದ್ರಿ ಅಕ್ಕಾರ? ಅಕಿ ಹೆಸರಿಲೆ. ಹಂಗಾದ್ರ ಆಗಿಬರದಿದ್ದದ್ದು ಕಲ್ಲೋ, ಹುಡುಗಿನೋ?”

“ಕನಸಿಗೇನು ತಗೀ, ಹೊಟ್ಟಿ ಜಡ ಆದ್ರೂ ಬೀಳ್ತಾವ.”

“ಬ್ಯಾರೆದವರು ಕಂಡಿದ್ರ ಬಿಡ್ತಿದ್ದೆ. ಕಂಡವರು ನೀವು.”

ನಾಗರತ್ನಾ ಸುರಪುರಕ್ಕೆ ಕನಸಿನ ಸುದ್ದಿ ಮುಟ್ಟಿಸಿ ನಿಶ್ಚಯವನ್ನು ಮುಂದೆ ಹಾಕಿದಳು. ಬಸವಕುಮಾರ ತಾಯಿಯೊಂದಿಗೆ ಮಾತು ಬಿಟ್ಟ. ಸುರಪುರದವರು ಫೋನು ಮಾಡಿ ಮಾಡಿ ಸುಮ್ಮನಾದರು. ಗಿರಾಕಿಯೊಬ್ಬ ಹಿಟ್ಟು ಮುಟ್ಟಿ ನೋಡಿ “ಕಲ್ಲು ಮುಕ್ಕಾಗೇದೇನ್ರಿ?” ಎಂದರೆ ಗೊಲ್ಲಾಳಮ್ಮನ ಎದೆ ಧಸಕ್ಕೆನ್ನುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ. ಹರಳಿನ ಬೆಲೆಗೆ ಅವಳು ಹೆದರಿರಲಿಲ್ಲ. ಕೈಯ ಬಿಲ್ವಾರದ ಬಳೆ ಮಾರಿದರೆ ಆ ಮಾತು ಮುಗಿಯುತ್ತಿತ್ತು. ಹೆದರಿದ್ದು ತನ್ನ ಹೆಸರಿಗೆ. ಇಷ್ಟು ವರ್ಷ ಊರು ಹೊತ್ತು ಮೆರೆಸಿದ ಹೆಸರಿಗಾಗಿ ಪರರ ಮಗಳೊಬ್ಬಳ ಬಾಳನ್ನು ಗಿರಣಿಗೆ ಹಾಕಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ದಿನ ದೂಡಿದಳು. ಅವಳ ಪಾಪ ಇರುವುದು ಅಲ್ಲಿ.

ಒಂದು ಬೆಳಿಗ್ಗೆ ರಾಧಿಕಾ ಸುರಪುರದಿಂದ ಬಸ್ಸು ಹಿಡಿದು ಒಬ್ಬಳೇ ಗಿರಣಿಗೆ ಬಂದಳು. ಹುಡುಗಿ ಸೊರಗಿಹೋಗಿದ್ದಳು.

“ಅತ್ತಿಯವರ, ಕನಸಿನ್ಯಾಗ ಕಂಡಿದ್ದು ಪೂರಾ ಹೇಳ್ರಿ. ನನ್ನಿಂದ ಅವ್ರಿಗೆ ಕೇಡು ಆಗೂದಿದ್ರ ನಾನs ಈ ಸಂಬಂಧ ಬ್ಯಾಡ ಅಂತೀನಿ. ಅವ್ರು ನನಗ ಮನಸಿಗೆ ಬಂದಾರ, ಅದಕ್ಕ ಕೇಳಾಕತ್ತೇನಿ.”

ಗೊಲ್ಲಾಳಮ್ಮ ಗಿರಣಿ ನಿಲ್ಲಿಸಿದಳು. “ಕನಸು ಬಿದ್ದಿಲ್ಲವ್ವ. ನಾ ಸುತ್ತಿಗಿಲೆ ಬಡದು ಕಲ್ಲು ಮುಕ್ಕು ಮಾಡೀನಿ. ಅದನ್ನ ಮುಚ್ಚಲಿಕ್ಕ ಸುಳ್ಳು ಹೇಳೀನಿ.”

ರಾಧಿಕಾ ಸೋತ ನಗೆ ನಕ್ಕಳು. “ನನ್ನ ಮಾರಿ ನೋಡಿ ಹಿಂಗ ಅಂತೀರಿ. ನೀವು ಸುಳ್ಳು ಹೇಳಾಂಗಿಲ್ಲ ಅಂತ ಸುರಪುರದಾಗೂ ಹೇಳ್ತಾರ್ರಿ.”

ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು, ನಿಜ ಹೇಳಿದರೆ ಒಬ್ಬಳೂ ನಂಬಲೊಲ್ಲಳು. ಗೊಲ್ಲಾಳಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಸಾಲಿನಲ್ಲಿ ನಿಂತವರಿಗೆ ನಾಳೆ ಬನ್ನಿರೆಂದಳು. ಹುಡುಗಿಯ ಮುಂಗೈ ಹಿಡಿದು ಯಾದಗಿರಿ ಬಸ್ಸು ಹತ್ತಿದಳು. ಭೀಮಾ ಸೇತುವೆ ದಾಟಿ ಊರು ಮುಟ್ಟಿದೊಡನೆ ನೆಟ್ಟಗೆ ಸೂಗಪ್ಪನವರ ಅಂಗಡಿಗೆ ನಡೆದಳು.

“ಸಾವಕಾರ್ರ, ನಾ ವಾಪಸ್ ತಂದ ಕಲ್ಲು ತಗೀರಿ. ಅದರ ಮೂಲಿ ಮುಕ್ಕಾಗೇದ. ಈ ಹುಡುಗಿಗೆ ಹೇಳ್ರಿ.”

ಸೂಗಪ್ಪ ಇಬ್ಬರ ಮುಖ ನೋಡಿದರು. “ಏ, ಅದಕ್ಕೇನಾಗೇದರಿ? ಚೊಕ್ಕ ಅದ ಕಲ್ಲು. ಅವ್ವಾರ ಕೈಯಾಗ ಕೆಡ್ತದೇನು?”

ಹೇಳುವಾಗ ಅವರ ಕಣ್ಣು ಮಾತ್ರ ಗಲ್ಲಾಪೆಟ್ಟಿಗೆಯ ಕಡೆ ಸರಿಯಿತು. ಗೊಲ್ಲಾಳಮ್ಮನಿಗೆ ಹೊಳೆಯಿತು. ಈ ಮನುಷ್ಯ ಅವಳು ಅತ್ತ ಹೋದೊಡನೆ ಹರಳನ್ನು ನೋಡಿದ್ದಾರೆ. ನೋಡಿಯೂ ಅವಳ ಮೇಲಿನ ಗೌರವಕ್ಕೆ ಬಾಯಿ ಹೊಲಿದುಕೊಂಡಿದ್ದಾರೆ. 

“ನನ್ನ ಮರ್ಯಾದಿ ಕಾಯಬ್ಯಾಡ್ರಿ ಸಾವಕಾರ್ರ. ಇನ್ನ ಮ್ಯಾಲ ಕಲ್ಲು ನಂದು, ಅದರ ರೊಕ್ಕ ನಾ ಕೊಡ್ತೀನಿ. ನೀವು ಭೂತಗನ್ನಡಿ ಅಕಿ ಕೈಗೆ ಕೊಡ್ರಿ.”

ಸೂಗಪ್ಪ ತೆಗೆದಿಟ್ಟ ಹರಳಿನ ಮೇಲೆ ರಾಧಿಕಾ ಕಣ್ಣಿಗೆ ಗಾಜು ಹಿಡಿದು ಬಗ್ಗಿದಳು. ಒಂದು ಮೂಲೆ, ಎರಡು, ಮೂರು. ನಾಲ್ಕನೆಯದಕ್ಕೆ ಬಂದಾಗ ಅವಳ ಕೈ ನಿಂತಿತು. ಆಮೇಲೆ ಗಾಜನ್ನು ಕೆಳಗಿಟ್ಟು, ಯಾರನ್ನೂ ನೋಡದೆ ಹೇಳಿದಳು.

“ನನ್ನ ತಂಗಿ ಪರೀಕ್ಷಾಕ್ಕ ಹೊಂಟಾಗ ನಾ ಬಾಗಲ ಹಿಂದ ನಿಂತೀನ್ರಿ. ನನ್ನ ಅಪಶಕುನದ ಮಾರಿ ಅಕಿ ಕಣ್ಣಿಗೆ ಬೀಳಬಾರ್ದು ಅಂತ. ‘ಅಕ್ಕಾ, ಅಕ್ಕಾ’ ಅಂತ ಕರದ್ಲು. ಉಸಿರು ಬಿಗಿ ಹಿಡದು ನಿಂತೆ. ಆವಾಗಿಂದ ದಿನಾ ಹಂಗ ಮಾಡಾಕತ್ತೇನಿ.”

ತಪ್ಪಾಯಿತು ಎಂಬ ಮಾತು ಇದಕ್ಕೆ ತೀರ ಚಿಕ್ಕದು.

ರಾಧಿಕಾ ಮುಖ ಒರೆಸಿಕೊಂಡಳು. ಹರಳಿನ ತಟ್ಟೆಗಳನ್ನು ಮತ್ತೊಮ್ಮೆ ತೋರಿಸಿರೆಂದು ಸೂಗಪ್ಪನವರಿಗೆ ಹೇಳಿದಳು. ಅಭ್ಯಾಸಬಲದಿಂದ ಗೊಲ್ಲಾಳಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಹೋದಳು.

“ಅತ್ತಿಯವರ,” ಎಂದಳು ರಾಧಿಕಾ, ಸಿಟ್ಟಿಲ್ಲದ ದನಿಯಲ್ಲಿ, “ನೀವು ಜರಾ ಹೊರಗ ಕೂಡ್ರಿ. ನಾನs ಆರಸ್ತೀನಿ.”

ಶುಭಕಾರ್ಯದಲ್ಲಿ ಹೊರಗೆ ಕೂಡು ಎಂದು ಅವಳಿಗೆ ಯಾರೂ ಹೇಳಿದ್ದಿಲ್ಲ. ಆದರೆ ಹುಡುಗಿ ಹೇಳಿದ್ದು ನ್ಯಾಯವಾಗಿತ್ತು. ಎದ್ದು ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕೂತಳು. ರಸ್ತೆಯಲ್ಲಿ ಗುರುತಿನವರು ಯಾರೋ ಕೈ ಮುಗಿದರು. ಅವಳು ತಲೆ ತಗ್ಗಿಸಿ ಫೋನು ತೆಗೆದು ಸಗರಕ್ಕೆ ಹಚ್ಚಿದಳು. ನಾಗರತ್ನಾಳಿಗೆ ಸುತ್ತಿಗೆಯಿಂದ ಹಿಡಿದು ಖಾಲಿ ಕೊಡದವರೆಗೆ ಒಂದನ್ನೂ ಬಿಡದೆ ಹೇಳಿದಳು. ಸಾವಕಾರರೂ ಹುಡುಗಿಯೂ ಮುಕ್ಕನ್ನು ಕಣ್ಣಾರೆ ನೋಡಿದ್ದಾರೆ, ಬೇಕಾದರೆ ಕೇಳಿಕೋ, ಬೇರೆ ಹರಳು ನೋಡುವುದೂ ನಡೆದಿದೆ ಎಂದಳು. 

“ನಿಮ್ಮ ಮಾತಿನ ಮ್ಯಾಲ ನಾ ಅಕಿಗೆ ಏನೇನೋ ಅಂದೀನ್ರಿ ಅಕ್ಕಾರ,” ಎಂದಳು ನಾಗರತ್ನಾ. ಆಮೇಲೆ ಕೇಳಿದಳು: “ಈಗ ಹೊಸಾ ಕಲ್ಲು ಯಾರು ನೋಡಾಕತ್ತಾರ? ನೀವೇನು?”

“ಅಕಿನs ನೋಡಾಕತ್ತಾಳ,” ಎಂದಳು ಗೊಲ್ಲಾಳಮ್ಮ. “ನಾ ಹೊರಗ ಕುಂತೀನಿ.”