ಅರ್ಧ ಸ್ವರ ಕೆಳಗಿನ ಪಿಯಾನೊ

ನಮ್ಮ ಮನೆಯಲ್ಲಿ ಶನಿವಾರ ಸಂಜೆ ಸೀನುವ ಹಾಗಿಲ್ಲ. ಫ್ಯಾನ್ ತಿರುಗುವ ಹಾಗಿಲ್ಲ, ಫ್ರಿಜ್ ಗುಂಯ್ ಅನ್ನುವ ಹಾಗಿಲ್ಲ, ನಾಯಿಯನ್ನು ಹಿತ್ತಲ ಹಲಸಿನ ಮರಕ್ಕೆ ಕಟ್ಟಿ ಬಾಯಿಗೊಂದು ಮೂಳೆ ಕೊಟ್ಟಿರಬೇಕು. ಯಾಕೆಂದರೆ ಆ ಹೊತ್ತಿಗೆ ನನ್ನ ಅತ್ತಿಗೆ ಎರ್ಮೆಲಿಂಡಾ ಪಿಯಾನೊ ಬಾರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ಒಮ್ಮೆ ಫ್ರಿಜ್ಜಿನ ಪ್ಲಗ್ ಕಿತ್ತವಳು ಮತ್ತೆ ಸಿಕ್ಕಿಸಲು ಮರೆತಳು. ನಾನು ಭಾನುವಾರಕ್ಕೆಂದು ಎತ್ತಿಟ್ಟಿದ್ದ ಹಂದಿಮಾಂಸವೆಲ್ಲ ನಾಯಿಯ ಪಾಲಾಯಿತು. ಆ ವಾರ ಮನೆಯಲ್ಲಿ ಖುಷಿಯಾಗಿದ್ದದ್ದು ಅದೊಂದೇ.

ನಾನು ಫೆಲಿಸಿಯಾನಾ, ಅವಳ ನಾದಿನಿ. ನಮ್ಮೂರು ಕುಡ್ತರಿಯಲ್ಲಿ ಯಾರ ಮನೆಯಲ್ಲಿ ಮದುವೆ, ನಾಮಕರಣವಾದರೂ ದೋಸ್ ನನ್ನ ಕೈಯದೇ ಆಗಬೇಕು. ಕಡಲೆಬೇಳೆ, ತೆಂಗಿನಕಾಯಿ, ಸಕ್ಕರೆ ಹಾಕಿ ಗಂಟೆಗಟ್ಟಲೆ ತಿರುವುವ ಸಿಹಿ ಅದು. ತಿರುವುವುದನ್ನು ನಿಲ್ಲಿಸಿದರೆ ಕೆಟ್ಟಿತು. ಹಾಗಾಗಿ ಅತ್ತಿಗೆಯ ರೆಕಾರ್ಡಿಂಗ್‌ಗಳಲ್ಲೆಲ್ಲ ಹಿಂದಿನಿಂದ ನನ್ನ ಸೌಟಿನ ಸದ್ದು ಇದ್ದೇ ಇರುತ್ತದೆ.

"ಫೆಲಿಸಿ, ಒಂದೈದು ನಿಮಿಷ ಆ ಸೌಟು ಕೆಳಗಿಡ್ತೀಯಾ?"

"ಇಟ್ರೆ ತಳ ಹಿಡಿಯತ್ತೆ ಅತ್ತಿಗೆ. ಸೀದಿರೋ ದೋಸ್‌ನ ನಿನ್ನ ಫೋನಿನ ಗುಂಪಿನವರು ಬಂದು ತಿಂತಾರಾ?"

ಅತ್ತಿಗೆ ದಿವಾರ್ ದ್ವೀಪದವಳು. ಅವಳ ಅಪ್ಪ ಅಲ್ಲಿನ ಇಗರ್ಜಿಯಲ್ಲಿ ಹಾಡು ಕಲಿಸುವ ಮಾಸ್ತರರು. ಮದುವೆಯಾಗಿ ಬಂದ ದಿನ ಅವಳ ಪಿಯಾನೊ ಫೆರಿಯಲ್ಲಿ ನದಿ ದಾಟಿ, ಲಾರಿ ಹತ್ತಿ, ಅವಳಿಗಿಂತ ಮೊದಲೇ ನಮ್ಮ ಅಂಗಳದಲ್ಲಿ ಇಳಿಯಿತು. "ಸೊಸೆ ಬರ್ತಾಳೆ ಅಂದ್ರೆ ಹಡಗೇ ಬಂತಲ್ಲಪ್ಪಾ" ಎಂದಿದ್ದಳು ನನ್ನ ಅಮ್ಮ. ನಿಜವಾದ ಹಡಗಿನಲ್ಲಿ ಇದ್ದವನು ನನ್ನ ಅಣ್ಣ ಮಿಲಾಗ್ರ್, ಎಂಜಿನ್ ಕೋಣೆಯ ಕೆಲಸದವನು. ವರ್ಷದ ಮುಕ್ಕಾಲು ಭಾಗ ನೀರಿನ ಮೇಲೆ. ಇವಳು ಪೋಸ್ಟ್ ಆಫೀಸಿನ ಕೆಲಸ ಮುಗಿಸಿ ಬಂದು, ಪಿಯಾನೊ ಬಾರಿಸಿ, ಕ್ಯಾಸೆಟ್ಟಿನಲ್ಲಿ ತುಂಬಿ ಅವನಿಗೆ ಕಳಿಸುತ್ತಿದ್ದಳು. ಅಣ್ಣ ಪ್ರತಿ ಸಲವೂ "ತುಂಬ ಚೆನ್ನಾಗಿದೆ" ಎಂದು ಬರೆಯುತ್ತಿದ್ದ. ಒಮ್ಮೆ ಇವಳು ಬೇಕೆಂದೇ ಖಾಲಿ ಕ್ಯಾಸೆಟ್ ಕಳಿಸಿದಳು. ಅದಕ್ಕೂ "ತುಂಬ ಚೆನ್ನಾಗಿದೆ" ಎಂದೇ ಉತ್ತರ ಬಂತು. ಎಂಜಿನ್ನಿನ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು, ಪಾಪ. ಅತ್ತಿಗೆ ಅಂದು ನಕ್ಕು ನಕ್ಕು ಸುಸ್ತಾದಳು. ಅವನು ತೀರಿಕೊಂಡ ಮೇಲೆ ಅದೇ ಮಾತನ್ನು ನೆನೆದು ಅತ್ತಳು. ಕಿವಿ ಕೇಳದಿದ್ದರೂ ಕೇಳುವವನೊಬ್ಬ ಇದ್ದ, ಈಗ ಅವನೂ ಇಲ್ಲ ಎಂದಳು.

ಅವಳನ್ನು ಮತ್ತೆ ಪಿಯಾನೊದ ಮುಂದೆ ಕೂರಿಸಿದ್ದು "ತಪ್ಪು ಬೆರಳು". ಅದು ಫೋನಿನಲ್ಲಿರುವ ಒಂದು ಗುಂಪು. ಹೊಟ್ಟೆಪಾಡಿಗೆ ಇನ್ನೇನೋ ಮಾಡಿಕೊಂಡು, ಮನೆಯಲ್ಲಿ ತಮ್ಮ ಪಾಡಿಗೆ ಪಿಯಾನೊ ಬಾರಿಸುವವರ ಗುಂಪು. ಕಟ್ಟಿದವಳು ಪುಣೆಯ ಖೋರ್ಶೆದ್, ಪಾರ್ಸಿ ಹೆಂಗಸು, ಹಲ್ಲಿನ ಡಾಕ್ಟರು. ತನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನೂ "ಡಿಕ್ರಾ" ಎಂದು ಮಕ್ಕಳನ್ನು ಕರೆದ ಹಾಗೆ ಕರೆಯುವವಳು. ಅವಳ ಕಟ್ಟಳೆ ಎರಡೇ. ವಾರಕ್ಕೊಂದು ರೆಕಾರ್ಡಿಂಗ್ ಹಾಕಬೇಕು, ಬಾರಿಸಿದ್ದನ್ನು ಬಾರಿಸಿದ ಹಾಗೆ, ತಪ್ಪು, ಕೆಮ್ಮು, ನಾಯಿ, ಕುಕ್ಕರ್ ಎಲ್ಲವೂ ಸೇರಿ. ಕೇಳಿದವರು ಬರೀ "ಚೆನ್ನಾಗಿದೆ" ಅನ್ನಕೂಡದು. ಯಾವ ಜಾಗ ಚೆನ್ನಾಗಿದೆ ಎಂದು ಹೇಳಬೇಕು. ಖಾಲಿ ಕ್ಯಾಸೆಟ್ಟಿಗೆ ಹೊಗಳಿಕೆ ಗಿಟ್ಟಿಸಿದ್ದ ನನ್ನ ಅತ್ತಿಗೆಗೆ ಈ ಎರಡನೆಯ ಕಟ್ಟಳೆ ಬಹಳ ಹಿಡಿಸಿತು.

ನನ್ನ ಸೌಟಿಗೂ ಅಲ್ಲಿ ಅಭಿಮಾನಿಗಳಿದ್ದರು. ಕೊಲಂಬೋದ ಬಸ್ ಡಿಪೋ ಮ್ಯಾನೇಜರ್ ರೊಡ್ನಿ, "ಎರ್ಮಿ, ಹಿಂದೆ ತಾಳ ಹಾಕ್ತಾರಲ್ಲ, ಯಾರದು? ಕೈ ಚೆನ್ನಾಗಿದೆ" ಎಂದು ಕೇಳಿದ್ದ. ಅಂದಿನಿಂದ ಗುಂಪಿನಲ್ಲಿ ನಾನು ಸೌಟಿನವಳು.

ಈ ಎಲ್ಲರ ನಡುವೆ ಒಬ್ಬರು ಆಂಬ್ರೋಸ್ ಬಾಬ್; ಬಾಬ್ ಅಂದರೆ ನಮ್ಮ ಕಡೆ ಹಿರಿಯರನ್ನು ಕರೆಯುವ ಮರ್ಯಾದೆಯ ಮಾತು. ಮುಂಬಯಿಯ ಬಾಂದ್ರಾದವರು, ಕಸ್ಟಮ್ಸ್‌ನಲ್ಲಿದ್ದು ನಿವೃತ್ತರಾದವರು. ಉಳಿದವರದೆಲ್ಲ ಕರೆಂಟಿನ ಕೀಬೋರ್ಡು. ನಮ್ಮ ಮನೆ ಬಿಟ್ಟರೆ ತಂತಿಯ ಪಿಯಾನೊ ಇದ್ದದ್ದು ಅವರೊಬ್ಬರಲ್ಲಿ, ಅದೂ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕರಿ ಪಿಯಾನೊ. ಅವರ ರೆಕಾರ್ಡಿಂಗ್‌ನಲ್ಲಿ ಒಂದು ತಪ್ಪಿಲ್ಲ, ಒಂದು ಕೆಮ್ಮಿಲ್ಲ. "ಆಂಬ್ರೋಸ್ ಡಿಕ್ರಾ, ಗುಂಪಿನ ಹೆಸರಿಗಾದ್ರೂ ಒಂದು ತಪ್ಪು ಮಾಡಪ್ಪಾ" ಎಂದು ಖೋರ್ಶೆದ್ ಕಾಡುತ್ತಿದ್ದಳು. ಇನ್ನೊಬ್ಬರದನ್ನು ಕೇಳಿದರೆ ಅವರು ಬರೆಯುತ್ತಿದ್ದದ್ದು ಒಂದೇ ಪದ, "ಕೇಳಿದೆ." ಯಾವ ಜಾಗವೂ ಇಲ್ಲ, ಮಣ್ಣೂ ಇಲ್ಲ. ಆದರೂ ಅತ್ತಿಗೆ ಕಾಯುತ್ತಿದ್ದದ್ದು ಅದಕ್ಕೇ. ಆ ಮನುಷ್ಯ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದಳು. ಒಂದು ಪದದಲ್ಲಿ ಸುಳ್ಳು ಹೇಳಲು ಜಾಗ ಎಲ್ಲಿದೆ ಎಂದು ನಾನು.

ಹೋದ ವರ್ಷ ಕ್ರಿಸ್ಮಸ್ಸಿಗೆ ಗುಂಪಿನವರು ಒಂದು ಸರಪಳಿ ಮಾಡೋಣವೆಂದರು. ಒಂದೇ ಕೃತಿ, ಒಬ್ಬೊಬ್ಬರು ಒಂದೊಂದು ಪುಟ ಬಾರಿಸುವುದು, ಖೋರ್ಶೆದ್ ಎಲ್ಲವನ್ನೂ ಸಾಲಾಗಿ ಜೋಡಿಸುವುದು. ಅತ್ತಿಗೆ ತಡವರಿಸುತ್ತ ತನ್ನ ಅಪ್ಪ ಬರೆದ ವಾಲ್ಟ್ಜ್ ಕುಣಿತದ ಧಾಟಿಯೊಂದಿದೆ ಎಂದಳು. ಅವಳು ಸಣ್ಣವಳಿದ್ದಾಗ ಅವಳಿಗೆಂದೇ ಬರೆದದ್ದು. ಮಗುವಿನ ಬೆರಳು ತೊಡರಬಾರದೆಂದು ಒಂದೂ ಕರಿ ಮನೆ, ಬೆರಳೊತ್ತುವ ಆ ಕರಿ ಪಟ್ಟಿ, ಮುಟ್ಟದ ಹಾಗೆ, ಪೂರ್ತಿ ಬಿಳಿ ಮನೆಗಳ ಮೇಲೆ. ಅದನ್ನು ಮನೆಯ ಹೊರಗೆ ಯಾರೂ ಬಾರಿಸಿರಲಿಲ್ಲ. ಎಲ್ಲರೂ ಒಪ್ಪಿದರು. ಮೊದಲ ಪುಟ ಆಂಬ್ರೋಸ್ ಬಾಬ್‌ಗೆ, ಕೊನೆಯದು ಮಗಳಿಗೆ. ಆ ವಾರವಿಡೀ ಅವಳು ನನ್ನ ಸೌಟಿಗೆ ಒಂದು ಮಾತೂ ಅನ್ನಲಿಲ್ಲ, ಅಷ್ಟು ಖುಷಿ.

ಜೋಡಿಸಿದ್ದು ಬಂತು. ನಾವಿಬ್ಬರೂ ಫೋನನ್ನು ಪಿಯಾನೊದ ಮೇಲೆ ಆನಿಸಿ ಕೇಳಿದೆವು. ಐದು ಪುಟ ಚೆಂದವಾಗಿ ಹರಿಯಿತು. ಆರನೆಯದು, ಅತ್ತಿಗೆಯದು, ಶುರುವಾಗುತ್ತಲೇ ಕುಸಿಯಿತು. ಇನ್ನೊಂದು ಮೆಟ್ಟಿಲಿದೆ ಎಂದು ಕತ್ತಲಲ್ಲಿ ಕಾಲಿಟ್ಟವಳು ಎಡವುತ್ತಾಳಲ್ಲ, ಹಾಗೆ. ಸಂಗೀತದ ಗಂಧವಿಲ್ಲದ ನನಗೂ ಗೊತ್ತಾಯಿತು.

ಗುಂಪಿನಲ್ಲಿ ರೊಡ್ನಿ, "ಫೋನ್ ಕೆಟ್ಟಿರಬೇಕು" ಎಂದು ಬರೆದ. ಅದರ ಕೆಳಗೆ ಆಂಬ್ರೋಸ್ ಬಾಬ್: "ಫೋನ್ ಅಲ್ಲ. ಎರ್ಮೆಲಿಂಡಾ ಅವರ ಪಿಯಾನೊ ಅರ್ಧ ಸ್ವರ ಕೆಳಗಿದೆ. ಮೊದಲಿನಿಂದಲೂ."

ಆಗ ನೆನಪಾಯಿತು. ಅಣ್ಣ ತೀರಿಕೊಂಡ ವರ್ಷ, ಶ್ರುತಿ ಮಾಡುವವನು ಪಣಜಿಯಿಂದ ಬಂದಿದ್ದ. "ತಂತಿ ಹಳೇದಮ್ಮಾ, ಪೂರ್ತಿ ಬಿಗಿದ್ರೆ ಪಟ್ ಅಂತ ಹೋಗ್ತಾವೆ. ಎಲ್ಲಾನೂ ಒಂದೇ ಸಮ ಅರ್ಧ ಸ್ವರ ಇಳಿಸ್ಲಾ? ಒಂಟಿಯಾಗಿ ಬಾರಿಸೋತನಕ ಯಾರಿಗೂ ಗೊತ್ತಾಗಲ್ಲ" ಎಂದಿದ್ದ. ಅತ್ತಿಗೆ ಹ್ಞೂಂ ಅಂದಿದ್ದಳು. ಆ ವರ್ಷ ಅವಳು ಯಾರು ಏನು ಕೇಳಿದರೂ ಹ್ಞೂಂ ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಮರೆತೆವು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ನೆಲವೇ ಡೊಂಕಾಗಿದ್ದರೂ ಇವಳು ತನ್ನನ್ನೇ ಬೈದುಕೊಂಡಳು.

"ಇಷ್ಟು ವರ್ಷ ಆ ಮನುಷ್ಯ ಕೇಳ್ತಾ ಇದ್ರು ಫೆಲಿಸಿ. ವಾರ ವಾರ ಮನಸ್ಸಲ್ಲೇ ನಗ್ತಾ ಇದ್ರೇನೋ."

"ನಕ್ಕಿದ್ರೆ ಹಲ್ಲು ಉದುರ್ಲಿ ಬಿಡು. ಹೇಗೂ ಹಲ್ಲಿನ ಡಾಕ್ಟ್ರು ಗುಂಪಲ್ಲೇ ಇದಾರೆ."

ಅವಳು ನಗಲಿಲ್ಲ. ರೊಡ್ನಿ ಕಂಪ್ಯೂಟರಿನಲ್ಲಿ ಅವಳ ಪುಟವನ್ನು ಮೇಲಕ್ಕೆತ್ತಿ ಕಳಿಸಿದ. ಮೂಗು ಕಟ್ಟಿದವರು ಹಾಡಿದ ಹಾಗಿತ್ತು. "ಅಪ್ಪನ ವಾಲ್ಟ್ಜ್‌ಗೆ ಶೀತ ಆಗಿದೆ" ಎಂದು ಅಳಿಸಿದಳು. "ನೀನೇ ಅರ್ಧ ಸ್ವರ ಮೇಲಕ್ಕೆ ಜರುಗಿಸಿ ಬಾರಿಸು ಡಿಕ್ರಾ" ಎಂದಳು ಖೋರ್ಶೆದ್. ಹಾಗೆ ಜರುಗಿಸಿದರೆ ಬಿಳಿ ಮನೆಯ ವಾಲ್ಟ್ಜ್ ಪೂರ್ತಿ ಕರಿ ಮನೆಗಳ ಮೇಲೆ ಹತ್ತಿ ಕೂರುತ್ತದೆ. ಅತ್ತಿಗೆ ದಿನವೂ ಕೂತು ಹೆಣಗಿದಳು. ಉಂಗುರದ ಬೆರಳಿನ ಗಿಣ್ಣು ಬಾತು ಕೆಂಪಾಯಿತು. "ಅಪ್ಪ ಹಿಡ್ಕೊಂಡು ಕೂರಿಸಿದ ಬೆರಳು, ಬೇರೆ ಕಡೆ ಹೋಗು ಅಂದ್ರೆ ಹೋಗಲ್ಲ ಇದು" ಎಂದು ಮುಚ್ಚಳ ಹಾಕಿದಳು. ಹಾಕಿ, ಅದರ ಮೇಲೆ ನನ್ನ ದೋಸ್ ತಟ್ಟೆಗಳನ್ನು ತಂದು ಸಾಲಾಗಿ ಇಟ್ಟಳು. ಇಷ್ಟು ವರ್ಷದಲ್ಲಿ ಆ ಪಿಯಾನೊದ ಮೇಲೆ ಒಂದು ನೀರಿನ ಲೋಟ ಇಡಲು ಬಿಟ್ಟವಳಲ್ಲ.

ಆಮೇಲೆ ಸಾವಿಯೊಗೆ ಫೋನ್ ಮಾಡಿದಳು. ಸಾವಿಯೊ ಬಾಣಾವಲಿಯ ಕಡಲ ದಂಡೆಯಲ್ಲಿ ಹೋಟೆಲ್ ಇಟ್ಟವನು. ಈ ಪಿಯಾನೊ ಕೊಡಿ ಆಂಟಿ, ಒಳಗಿನದ್ದೆಲ್ಲ ತೆಗೆಸಿ ಬಾಟಲಿ ಜೋಡಿಸ್ತೀನಿ, ಗಿರಾಕಿಗಳು ಫೋಟೊ ಹೊಡ್ಕೋತಾರೆ ಎಂದು ಎರಡು ಸಲ ಕೇಳಿ ಬೈಸಿಕೊಂಡು ಹೋಗಿದ್ದ. ಬರುವ ಶನಿವಾರ ಟೆಂಪೊ ತಗೊಂಡು ಬಾ ಎಂದಳು ಅವನಿಗೆ.

ನಾನು ಕುಣಿದಾಡಬೇಕಿತ್ತು. ಇನ್ನು ಫ್ಯಾನ್ ನನ್ನದು, ಫ್ರಿಜ್ ನನ್ನದು. ಅವಳು ಫೋನ್ ಮಾಡಿದ್ದೂ ಒಂದು ಶನಿವಾರವೇ, ಆ ಸಂಜೆ ಬೇಕೆಂದೇ ಒಂದು ಸೀನು ಸೀನೋಣವೆಂದು ನೋಡಿದೆ, ಬರಲಿಲ್ಲ. ಮನೆ ಬಿಕೋ ಅನ್ನುತ್ತಿತ್ತು. ನನಗೆ ಸಂಕಟವಾಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಖೋರ್ಶೆದ್‌ಗೆ ಹೊಳೆಯಿತು. ಎರ್ಮಿ ಮೇಲೆ ಬರಲಾಗದಿದ್ದರೆ ನಾವೇ ಇಳಿಯೋಣ, ಕೀಬೋರ್ಡಿನಲ್ಲಿ ಅದಕ್ಕೊಂದು ಗುಂಡಿ ಇದೆಯಲ್ಲ. ಒತ್ತಿದರಾಯಿತು, ಅದೇ ಬಿಳಿ ಮನೆ ಬಾರಿಸಿದರೂ ಸ್ವರ ಇಳಿದು ಬರುತ್ತದೆ. ನಾಲ್ವರೂ ಒತ್ತಿದರು, ಬಾರಿಸಿದರು, ಕಳಿಸಿದರು. ಆಂಬ್ರೋಸ್ ಬಾಬ್ ಮಾತ್ರ, "ನನ್ನದರಲ್ಲಿ ಗುಂಡಿ ಇಲ್ಲ. ಸದ್ಯಕ್ಕೆ ನನ್ನನ್ನು ಬಿಡಿ" ಎಂದು ಬರೆದು ಸುಮ್ಮನಾದರು. ಯಾರಿಗೂ "ಕೇಳಿದೆ" ಎಂದೂ ಅನ್ನಲಿಲ್ಲ.

"ನೋಡಿದ್ಯಾ, ನನ್ನ ಜೊತೆ ಸೇರೋಕೆ ಅವರಿಗೆ ನಾಚಿಕೆ. ಅವರಿಲ್ದೆ ಮೊದಲನೇ ಪುಟ ಇಲ್ಲ, ಮೊದಲನೇ ಪುಟ ಇಲ್ದೆ ಕೊನೇದು ಯಾಕೆ" ಎಂದಳು ಅತ್ತಿಗೆ. ಎದ್ದು ಸ್ನಾನಕ್ಕೆ ಹೋದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಅವಳ ಫೋನು. "ಆಂಬ್ರೋಸ್ ಬಾಬ್, ನಾನು ಸೌಟಿನವಳು ಮಾತಾಡ್ತಿರೋದು. ನಿಮ್ಮ ಪಿಯಾನೊ ಮೇಲಿದ್ರೆ ಅಟ್ಟದ ಮೇಲೇ ಇಟ್ಕೊಳ್ಳಿ. ಶನಿವಾರ ನಮ್ಮದು ಹೋಟ್ಲಿಗೆ ಹೋಗ್ತಾ ಇದೆ, ಹೊಟ್ಟೆ ಬಗೆದು ಬಾಟ್ಲಿ ಇಡ್ತಾರಂತೆ. ನೀವು ಇಷ್ಟು ವರ್ಷ ನಗ್ತಾ ಇದ್ರಿ ಅಂತ ನಮ್ಮತ್ತಿಗೆ ಊಟ ಬಿಟ್ಟಿದಾಳೆ. ನಿಮಗೆ ಭಾರೀ ಕಿವಿ ಅಂತಾರಲ್ಲ, ಇದನ್ನೂ ಕೇಳ್ಕೊಳ್ಳಿ" ಎಂದು ಹೇಳಿ ಅವರೊಬ್ಬರಿಗೇ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಕೇಳಿದೆ."

ಅದನ್ನು ನೋಡುತ್ತ ನಿಂತವಳಿಗೆ ಕೈ ತಿರುವುವುದು ಮರೆತೇಹೋಯಿತು. ನನ್ನ ಜನ್ಮದಲ್ಲಿ ದೋಸ್ ತಳ ಹಿಡಿದದ್ದು ಅದೊಂದೇ ಸಲ.

ಶನಿವಾರ ಟೆಂಪೊ ಬಂತು. ಸಾವಿಯೊ ಇಬ್ಬರು ಆಳುಗಳನ್ನೂ ಹಗ್ಗವನ್ನೂ ತಂದಿದ್ದ. ನಾನು ಮುಚ್ಚಳದ ಮೇಲಿನ ತಟ್ಟೆಗಳನ್ನು ಒಂದೊಂದೇ ಎತ್ತುತ್ತಿದ್ದೆ, ಆದಷ್ಟು ನಿಧಾನವಾಗಿ. ಆಗ ಅತ್ತಿಗೆಯ ಫೋನು ಟಿಂಗ್ ಎಂದಿತು. ಆಂಬ್ರೋಸ್ ಬಾಬ್‌ರದು, ರೆಕಾರ್ಡಿಂಗ್. ಅವಳು ಮುಖ ತಿರುಗಿಸಿದಳು. ನಾನೇ ಒತ್ತಿದೆ.

ಅತ್ತಿಗೆಯ ಅಪ್ಪನ ವಾಲ್ಟ್ಜ್. ಆದರೆ ಇದು ಆ ಆಂಬ್ರೋಸ್ ಬಾಬ್ ಅಲ್ಲ. ಕನ್ನಡಕ ಕಳಕೊಂಡವರು ಬೇರೆಯವರ ಮನೆಯಲ್ಲಿ ನಡೆದ ಹಾಗೆ ತಡಕಾಡುತ್ತ ಬಾರಿಸುತ್ತಿದ್ದರು. ಒಂದು ಕಡೆ ತಪ್ಪಿತು, ಇನ್ನೊಂದು ಕಡೆ ನಿಂತೇಹೋಯಿತು. ಹಿಂದೆ ಕುಕ್ಕರ್ ಕೂಗಿತು. "ಥೂ, ದರಿದ್ರ ಬೆರಳೇ" ಎಂದು ಯಾರೋ ಗೊಣಗಿದರು, ಅವರೇ. ದೂರದಿಂದ ಒಬ್ಬ ಹೆಂಗಸು, "ಆಂಬ್ರೋಸ್, ಅನ್ನ ಆರಿ ಹೋಯ್ತು, ನಾಳೆ ಬಾರಿಸಿ ಸಾಕು" ಎಂದಳು. ಅವರು ನಿಲ್ಲಿಸದೆ ಮತ್ತೆ ಅದೇ ಜಾಗದಿಂದ ಹಿಡಿದು ಪುಟ ಮುಗಿಸಿದರು.

ಅತ್ತಿಗೆ ಹತ್ತಿರ ಬಂದಿದ್ದಳು. "ಇನ್ನೊಂದ್ಸಲ ಹಾಕು" ಎಂದಳು. ಉಳಿದ ತಟ್ಟೆಗಳನ್ನು ತಾನೇ ನೆಲಕ್ಕಿಟ್ಟು ಮುಚ್ಚಳ ಎತ್ತಿ, ಮೊದಲ ಸ್ವರ ಬಂದಾಗ ತನ್ನ ಬಿಳಿ ಮನೆಯ ಮೇಲೆ ಒಂದು ಬೆರಳಿಟ್ಟು ಒತ್ತಿದಳು. ಫೋನಿನದೂ ಇದೂ ಒಂದೇ. ಎರಡನೆಯದೂ ಒಂದೇ. ಅವಳ ಕೈ ಅಲ್ಲೇ ನಿಂತಿತು.

"ಫೆಲಿಸಿ, ಇವರು ಕರಿ ಮನೆ ಮೇಲೆಲ್ಲ ಹತ್ತಿ ಇಳ್ದು ಬಾರಿಸಿದಾರೆ. ಗುಂಡಿ ಇಲ್ದೆ. ಪುಟ ಪೂರ್ತಿ." ಎಂದವಳು ಸೆರಗಿಲ್ಲದ ಫ್ರಾಕಿನ ತೋಳಿಗೇ ಕಣ್ಣೊರೆಸಿಕೊಂಡಳು. ನಾನೂ ಅತ್ತೆ. ಸಾವಿಯೊ ಹಗ್ಗ ಹಿಡಿದು, ಯಾರು ಸತ್ತರು ಎಂಬಂತೆ ನಮ್ಮನ್ನು ನೋಡಿದ.

ರೆಕಾರ್ಡಿಂಗ್‌ನ ಕೆಳಗೆ ಅವರು ಬರೆದಿದ್ದರು: "ನಗಲಿಲ್ಲ. ನೀವು ಬೇಕೆಂದೇ ಇಳಿಸಿಕೊಂಡಿದ್ದೀರಿ ಎಂದುಕೊಂಡಿದ್ದೆ. ನನ್ನ ಕಿವಿಗೆ ಅದು ಹಿತವಾಗಿತ್ತು. ಸೌಟಿನವರಿಗೆ ನಮಸ್ಕಾರ ತಿಳಿಸಿ."

"ಆಂಟಿ, ಹಗ್ಗ ಹಾಕ್ಲಾ?"

"ಬಾಯ್ಮುಚ್ಚು ಸಾವಿಯೊ, ರೆಕಾರ್ಡ್ ಆಗ್ತಾ ಇದೆ" ಎಂದೆ. ಅತ್ತಿಗೆ ಆಗಲೇ ಕೊನೆಯ ಪುಟ ಹಿಡಿದಿದ್ದಳು. ಅವನೂ ಅವನ ಆಳುಗಳೂ ಇಗರ್ಜಿಯಲ್ಲಿ ನಿಂತ ಹಾಗೆ ನಿಂತರು. ನಾನು ಓಡಿ ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತೆ. ಮುಗಿದ ಮೇಲೆ ಅವನಿಗೊಂದು ಡಬ್ಬ ತುಂಬ ದೋಸ್ ಕೊಟ್ಟು ಖಾಲಿ ಟೆಂಪೊ ಜೊತೆ ಕಳಿಸಿದೆ. ಗೊಣಗುತ್ತ ಹೋದ, ಆದರೆ ಗೇಟು ದಾಟುವ ಮೊದಲೇ ಡಬ್ಬ ಬಿಚ್ಚಿದ್ದ.

ಅತ್ತಿಗೆ ಬಹಳ ಹೊತ್ತು ಫೋನ್ ಹಿಡಿದು ಯೋಚಿಸಿದಳು. ಗುಂಪಿನ ಕಟ್ಟಳೆ ಇದೆಯಲ್ಲ, ಯಾವ ಜಾಗ ಎಂದು ಹೇಳಬೇಕು. ಕೊನೆಗೆ ಬರೆದಳು: "ಆಂಬ್ರೋಸ್ ಬಾಬ್, ನೀವು ಬೆರಳಿಗೆ ಬೈದಿರಲ್ಲ, ಆ ಜಾಗ ತುಂಬ ಚೆನ್ನಾಗಿತ್ತು."

ಬಾಂದ್ರಾದಿಂದ ಉತ್ತರ ಬಂತು.

"ಕೇಳಿದೆ."