ನೆಗಡಿಗೆಂದು ಉಳಿಸಿದ ಬೊಡ್ಡೆ

ಆ ಭಾನುವಾರ ದೇವರಾಯಸಮುದ್ರದ ಆಚೆ, ಗುಡ್ಡದ ಪಕ್ಕದ ನಮ್ಮ ಹೊಲಕ್ಕೆ ಹತ್ತು ಜನ ಬಂದಿದ್ದರು. ನಿವೃತ್ತ ರೇಂಜರ್ ಸಾಹೇಬರು, ಕೋಲಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು, ರಾಯಲ್ಪಾಡಿನ ಮಾವಿನ ತೋಟದ ಯಜಮಾನರು. ಮಿಕ್ಕವರು ನಮ್ಮ ಹಾಗೆ ಕಲ್ಲುಗುಡ್ಡದ ಮಗ್ಗುಲಲ್ಲಿ ಅಷ್ಟಿಷ್ಟು ಜಮೀನಿದ್ದವರು. ಚಾಪೆ ಹಾಸಿಕೊಂಡು ಕೂತ ನಮ್ಮತ್ತೆ, ಅವರ ಪಕ್ಕ ನಾನು. ತಿಂಗಳಿಗೊಮ್ಮೆ ಒಬ್ಬೊಬ್ಬರ ಜಮೀನಿನಲ್ಲಿ ಸೇರಿ, ಹೋದ ಕಾಡನ್ನು ಮತ್ತೆ ಬರಿಸುವುದು ಹೇಗೆಂದು ಕಲಿಯುವ ಕೂಟ ಅದು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕೂಟಕ್ಕೆ ಸೇರಿದ್ದವರು ನನ್ನ ಗಂಡ. ಅವರು ತೀರಿಹೋಗಿ ಏಳು ತಿಂಗಳಾಗಿತ್ತು. ಯಾರೋ ಬನ್ನಿ ಅಂದರು ಅಂತ ಅವರ ಬದಲಿಗೆ ನಾನು ಹೋಗುತ್ತಿದ್ದೆ.

ಹೊಲದ ತುಂಬ ಅವರು ನೆಟ್ಟ ನೀಲಗಿರಿ. ಮೊದಲ ಬೇಸಿಗೆಯಲ್ಲಿ ಅತ್ತೆ ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗಳನ್ನು ಉಳಿಸಿದ್ದರು. ಈಗ ಮರ ಕಡಿಸಿಯಾಗಿತ್ತು, ಬೊಡ್ಡೆಗಳಿದ್ದವು. ಬಿಟ್ಟರೆ ಚಿಗುರಿ ಮತ್ತೆ ತೋಪಾಗುತ್ತವೆ.

“ಇವನ್ನ ಸಾಯಿಸಿದ್ರೆ ದಿಂಡಿಗ, ಕಾರೆಯಂಥ ಕಾಡುಗಿಡ ಎಲ್ಲಾ ತಾವೇ ಮೇಲೆ ಬರ್ತಾವೆ. ಅವುಗಳ ಬೇರು ಮಣ್ಣೊಳಗೆ ಇನ್ನೂ ಜೀವ ಹಿಡ್ಕೊಂಡಿದೆ,” ಎಂದರು ರೇಂಜರ್. “ಜಮೀನು ನಿಮ್ದಮ್ಮ. ಏನ್ಮಾಡೋಣ ಹೇಳಿ.”

“ಸಾಯಿಸಿ,” ಎಂದೆ. ಬೇಡ ಎನ್ನುವುದಕ್ಕೂ ಅಷ್ಟೇ ಉಸಿರು ಸಾಕಿತ್ತು.

ಅತ್ತೆ ನನ್ನ ಕಡೆ ತಿರುಗಿದರು. “ಲೇ, ನನ್ನ ಮಗ ನೆಟ್ಟಿದ್ದು ಕಣೇ. ಒಂದಾದ್ರೂ ಇರ್ಲಿ.”

“ಒಂದಿದ್ರೂ ಸುತ್ತಲ ನೀರೆಲ್ಲಾ ಕುಡೀತದೆ ಅವ್ವಾ,” ಎಂದರು ರಾಯಲ್ಪಾಡಿನವರು.

“ಕುಡೀಲಿ ಬಿಡಪ್ಪಾ, ನಿನ್ನ ಮಾವು ಏನು ಉಪವಾಸ ಮಾಡ್ತದಾ? ನೆಗಡಿ ಬಂದ್ರೆ ಆವಿ ಹಿಡಿಯೋಕೆ ಸೊಪ್ಪು ಬೇಡ್ವಾ? ನಿನ್ನ ತೋಟದ ಮಾವಿನೆಲೆ ಕುದಿಸ್ಲಾ?”

ಎಲ್ಲರೂ ನಕ್ಕರು. ಬೇಲಿ ಪಕ್ಕದ ಒಂದು ಬೊಡ್ಡೆ ಅತ್ತೆಗೆ ಉಳಿಯಿತು.

ಮೊದಲ ಬೊಡ್ಡೆಗೆ ಜಮೀನಿನವರೇ ಕೈ ಹಾಕಬೇಕೆಂಬುದು ಕೂಟದ ಪದ್ಧತಿ. ಮಚ್ಚಿನಿಂದ ಸಿಪ್ಪೆ ಸುಲಿದೆ, ಮತ್ತೆ ಚಿಗುರಬಾರದೆಂದು ಮೇಷ್ಟ್ರು ಹೇಳಿದಂತೆ ಮೇಲೆ ಮಣ್ಣು ಪೇರಿಸಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮಾಡಿಟ್ಟಿದ್ದ ಉಪ್ಪಿಟ್ಟು ಇಷ್ಟು ಜನಕ್ಕೆ ಸಾಲುತ್ತದೆಯೇ ಎಂದು ನಾನು ಯೋಚಿಸುತ್ತಿದ್ದೆ.

ಮಳೆ ಬಿದ್ದಿದ್ದೇ ತಡ, ಮಣ್ಣು ಸೀಳಿಕೊಂಡು ಎಲ್ಲ ಬೊಡ್ಡೆಗಳೂ ಚಿಗುರಿದವು. ನಾವು ಸಿಪ್ಪೆ ಸುಲಿದದ್ದು ಕಣ್ಣಿಗೆ ಕಂಡಷ್ಟೇ. ನೆಲದೊಳಗಿನದು ಹಾಗೇ ಇತ್ತು.

“ಪುಸ್ತಕದಲ್ಲಿ ಸರಿಯಾಗೇ ಇತ್ತಲ್ರೀ,” ಎಂದರು ಮೇಷ್ಟ್ರು.

“ಪುಸ್ತಕದ ಮೇಲೆ ಮಳೆ ಬೀಳಲ್ಲ ಮೇಷ್ಟ್ರೇ,” ಎಂದರು ರೇಂಜರ್. ಇನ್ನು ಚಿಗುರು ಬಂದಾಗಲೆಲ್ಲ ಮುರಿಯುತ್ತಿರಬೇಕು, ಬೊಡ್ಡೆಗೆ ಸಾಕಾಗುವವರೆಗೆ.

ಮುರಿಯಬೇಕಾದವಳು ನಾನು. ಹದಿನೈದು ದಿನ ಕಳೆದರೂ ಏಳಲಿಲ್ಲ. ಅತ್ತೆ ಕುಡುಗೋಲು ಹಿಡಿದು ಹೊರಟರು.

“ಒಪ್ಕೊಂಡ್ಮೇಲೆ ಮಾಡ್ಬೇಕಲ್ಲೇ. ನೀನಂತೂ ಗೋಡೆ ನೋಡ್ಕೊಂಡು ಕೂತಿದ್ದೀಯ.”

ಎರಡು ವರ್ಷ ಅವರು ಸಾಲು ಸಾಲಾಗಿ ಮಗನ ಗಿಡಗಳ ಚಿಗುರು ಮುರಿದರು, ಬೇಲಿ ಪಕ್ಕದ್ದೊಂದನ್ನು ಬಿಟ್ಟು. ಅದು ನಮ್ಮ ಮಾಡಿನಷ್ಟೆತ್ತರ ಬೆಳೆಯಿತು. ಮಿಕ್ಕ ಬೊಡ್ಡೆಗಳು ಒಣಗಿ ಗೆದ್ದಲು ಹಿಡಿದವು. ಅಲ್ಲೆಲ್ಲ ದಿಂಡಿಗ ಸೊಂಟದೆತ್ತರ ಬಂತು. ಬೇಲಿಯ ಹತ್ತಿರದ ದಿಂಡಿಗ ಮಾತ್ರ ಮೊದಲ ವರ್ಷದ ನಾಲ್ಕೆಲೆಯಲ್ಲೇ ನಿಂತಿತ್ತು. ಅತ್ತೆ ಹೊಲಕ್ಕೆ ಹೋದಾಗಲೆಲ್ಲ ಆ ನಾಲ್ಕೆಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿ ಬರುತ್ತಿದ್ದರು.

ಮೂರನೆಯ ವರ್ಷ, ಮಳೆಗೆ ಮುಂಚೆ, ಅತ್ತೆಯೇ ಆಳನ್ನು ಕರೆಸಿ ಆ ಮರ ಕಡಿಸಿದರು. ಸುತ್ತ ಮಣ್ಣು ಬಗೆದು, ನೆಲದೊಳಗಿನ ಸಿಪ್ಪೆಯನ್ನೂ ಬಿಡದೆ ಸುಲಿದರು. ನಾನು ಮಂಕರಿಯಲ್ಲಿ ಮಣ್ಣು ತಂದು ಸುರಿದೆ. ಅದರ ಸೊಪ್ಪನ್ನು ಅತ್ತೆ ನೆರಳಲ್ಲಿ ಒಣಗಿಸಿ ಬಿಸ್ಕತ್ತಿನ ಡಬ್ಬಕ್ಕೆ ತುಂಬಿಟ್ಟರು.

ಆ ಚಳಿಗಾಲ ನನಗೆ ನೆಗಡಿಯಾಯಿತು. ಅತ್ತೆ ಡಬ್ಬ ತೆಗೆದು ನೀರು ಕಾಯಿಸಲು ಇಟ್ಟರು.